ಕಡಲಿಲ್ಲದ ನಾಡಿನ ಹೆಸರು ಹೊತ್ತ ಕ್ರೂಸರ್

ಭಾರತೀಯ ನೌಕಾಪಡೆಯಲ್ಲಿ 'ಮೈಸೂರು' ಎಂಬ ಹೆಸರಿನಿಂದ ಸೇವೆಗೆ ಸೇರಿದ ಎರಡು ಯುದ್ಧನೌಕೆಗಳಲ್ಲಿ ಹಿರಿಯದು ಒಂದು ಲಘು ಕ್ರೂಸರ್. 1940ರಿಂದ ಬ್ರಿಟಿಷ್ ನೌಕಾಪಡೆಯಲ್ಲಿ 'ನೈಜೀರಿಯಾ' ಎಂಬ ಹೆಸರಿನಲ್ಲಿ ಎರಡನೆಯ ಮಹಾಯುದ್ಧದ ಕಡಲುಗಳಲ್ಲಿ ದುಡಿದು, 1957ರಲ್ಲಿ ಭಾರತದ ಧ್ವಜವನ್ನು ಏರಿಸಿಕೊಂಡು, 1985ರಲ್ಲಿ ನಿವೃತ್ತವಾಗಿ, ಬಳಿಕ ಗುಜರಿಯವರ ಕೈಯಲ್ಲಿ ಚೂರುಚೂರಾದ ಈ ಹಡಗಿನ ಬಾಳು ನಾಲ್ಕೂವರೆ ದಶಕಗಳಷ್ಟು ದೀರ್ಘವಾದುದು. ಅದರ ಹೆಸರಿನಲ್ಲಿಯೇ ಒಂದು ವೈಚಿತ್ರ್ಯವಿದೆ. ಆ ಹಡಗು ಭಾರತದ ನೌಕಾಪಡೆಗೆ ಸೇರುವುದಕ್ಕೆ ಹತ್ತು ತಿಂಗಳ ಮುಂಚಿನವರೆಗೂ ಮೈಸೂರು ರಾಜ್ಯಕ್ಕೆ ಒಂದು ಗೇಣು ಕಡಲತೀರವೂ ಇರಲಿಲ್ಲ. ಹಡಗು ನಿವೃತ್ತವಾಗುವ ಹೊತ್ತಿಗೆ ಮೈಸೂರು ಎಂಬ ಹೆಸರಿನ ರಾಜ್ಯವೇ ಉಳಿದಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಕೆನರಾದ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಯಿತು. ಕರಾವಳಿಯಲ್ಲಿ ಹೈದರಾಲಿ ಕಟ್ಟಿಸಿದ ಹಡಗುಪಡೆಯ ಪ್ರಯತ್ನವೂ, 1796ರಲ್ಲಿ ಟಿಪ್ಪು ಸುಲ್ತಾನ ಹೊರಡಿಸಿದ ನೌಕಾಪಡೆಯ ಆದೇಶಗಳೂ ಅಲ್ಲಿಗೆ ಮುಗಿದವು. ಒಡೆಯರ ಕೈಗೆ ಮರಳಿ ಬಂದ ಮೈಸೂರು ಘಟ್ಟದ ಮೇಲಿನ ಒಳನಾಡಾಗಿ ಉಳಿಯಿತು, ಅದರ ಪಶ್ಚಿಮದ ಸರಹದ್ದಿನ ಒಂದು ದೊಡ್ಡ ಭಾಗ ಕಡೂರು ಜಿಲ್ಲೆಯ, ಎಂದರೆ 1947ರಿಂದ ಚಿಕ್ಕಮಗಳೂರು ಎಂಬ ಹೆಸರು ಪಡೆದ ಜಿಲ್ಲೆಯ, ಬೆಟ್ಟಸಾಲುಗಳ ಮೇಲೆ ಹಾದುಹೋಗಿತ್ತು. ಮೂಡಿಗೆರೆ ಮತ್ತು ಕಳಸದ ಕಡೆಯಿಂದ ಘಟ್ಟ ಇಳಿದರೆ ಸಿಗುತ್ತಿದ್ದುದು ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ. ಈ ಗೆರೆ ಇತಿಹಾಸದಲ್ಲಿ ಹಳೆಯದೇನಲ್ಲ. ಕಳಸ ಮತ್ತು ಕಾರ್ಕಳಗಳನ್ನು ಒಟ್ಟಿಗೆ ಆಳಿದ ಭೈರರಸರ ಕಾಲದಲ್ಲಿ ಘಟ್ಟದ ಮೇಲು ಮತ್ತು ಕೆಳಗು ಒಂದೇ ಒಡೆತನದಲ್ಲಿದ್ದವು, ಕೆಳದಿಯ ನಾಯಕರ ಕಾಲದಲ್ಲಿಯೂ ಹಾಗೆಯೇ ಇದ್ದವು. ಆದರೆ ಹತ್ತೊಂಬತ್ತನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಮೈಸೂರಿಗೆ ಕಡಲೆಂಬುದು ನೋಡಲು ಮಾತ್ರ ದಕ್ಕಿದ ವಸ್ತುವಾಗಿತ್ತು. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರವು ಅರಬ್ಬಿ ಸಮುದ್ರದಲ್ಲಿ ಸಾಗುವ ನಾವಿಕರಿಗೆ ದಂಡೆಯ ದಿಕ್ಕು ತಿಳಿಸುವ ಗುರುತಾಗಿತ್ತು ಎಂಬುದು ಹಳೆಯ ಗೆಜೆಟಿಯರುಗಳಲ್ಲಿಯೂ ದಾಖಲಾಗಿದೆ. ಮೈಸೂರು ಸಂಸ್ಥಾನವು ನೌಕಾಯಾನಕ್ಕೆ ಸಲ್ಲಿಸಿದ ಸೇವೆ ಬಹುಶಃ ಅಷ್ಟೇ.

ಹಾಗಿದ್ದರೂ ಈ ಬೆಟ್ಟಗಳ ಬದುಕು ಕಡಲನ್ನೇ ನೆಚ್ಚಿಕೊಂಡಿತ್ತು. ಬಾಬಾಬುಡನ್‌ಗಿರಿಯ ಸುತ್ತ ಮೊದಲಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ತೋಟಗಾರಿಕೆಯಾಗಿ ಬೆಳೆದ ಕಾಫಿಯ ಗಿರಾಕಿಗಳು ಲಂಡನ್ನಿನಲ್ಲಿಯೂ ಯೂರೋಪಿನ ಇತರ ಪಟ್ಟಣಗಳಲ್ಲಿಯೂ ಇದ್ದರು. ಕಣದಲ್ಲಿ ಒಣಗಿದ ಬೀಜವು ಎತ್ತಿನ ಗಾಡಿಗಳಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರು ಸೇರುತ್ತಿತ್ತು. ಅಲ್ಲಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ, ಎಂದರೆ ಬೀಜದ ಮೇಲಿನ ಗಟ್ಟಿ ಸಿಪ್ಪೆ ತೆಗೆದು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಸಂಸ್ಕರಣಾಲಯಗಳಲ್ಲಿ, ಸಿದ್ಧಗೊಂಡು, ನದಿಯ ಅಳಿವೆಯಿಂದಾಚೆ ಲಂಗರು ಹಾಕಿದ ಹಡಗುಗಳಿಗೆ ದೋಣಿಗಳ ಮೂಲಕ ಏರುತ್ತಿತ್ತು. ಮಳೆಗಾಲದಲ್ಲಿ ಆ ಬಂದರು ಮುಚ್ಚಿರುತ್ತಿತ್ತು. ಹಾಯಿಹಡಗುಗಳ ಕಾಲದಲ್ಲಿ ಆಫ್ರಿಕಾದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಸಾಗುವಾಗ ಹಡಗಿನ ಒಡಲಿನ ತೇವದಲ್ಲಿ ಬೀಜ ಊದಿಕೊಂಡು ಹಳದಿಗೆ ತಿರುಗುತ್ತಿತ್ತು, ಉತ್ತರ ಯೂರೋಪಿನವರಿಗೆ ಆ ಮಂದ ರುಚಿಯೇ ಒಗ್ಗಿಹೋಗಿತ್ತು. ಸೂಯೆಜ್ ಕಾಲುವೆ ತೆರೆದು ಉಗಿಹಡಗುಗಳು ಬಂದ ಮೇಲೆ ಆ ರುಚಿ ಸಿಗದಾದಾಗ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಹರವಿ ಅದೇ ಹಳದಿಯನ್ನು ಬರಿಸುವ ಪದ್ಧತಿ ಹುಟ್ಟಿತೆಂದು ಕಾಫಿ ವ್ಯಾಪಾರದಲ್ಲಿ ಹೇಳುತ್ತಾರೆ. ಕಡಲಿನ ದಾರಿ ಉದ್ದವಾದರೂ ಗಿಡ್ಡವಾದರೂ ಕಟ್ಟಿಹೋದರೂ ಅದರ ಫಲ ಮೂಡಿಗೆರೆಯ ಕಣದವರೆಗೆ ಬರುತ್ತಿತ್ತು ಎಂಬುದಕ್ಕೆ ಮಾನ್ಸೂನ್ ಕಾಫಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಕ್ರೂಸರ್ ಎಂಬ ಹಡಗಿನ ವರ್ಗ ಹುಟ್ಟಿದ್ದೇ ಇಂಥ ದಾರಿಗಳಿಗಾಗಿ. ದಪ್ಪ ಉಕ್ಕಿನ ಕವಚವನ್ನೂ ಅತಿ ದೊಡ್ಡ ಫಿರಂಗಿಗಳನ್ನೂ ಹೊತ್ತ ಬ್ಯಾಟಲ್‌ಶಿಪ್ಪುಗಳು ಶತ್ರುವಿನ ಮುಖ್ಯ ನೌಕಾಬಲದ ಎದುರು ಸೆಣಸಲು ಒಟ್ಟಾಗಿ ಕಾದಿರುತ್ತಿದ್ದರೆ, ಅವುಗಳಿಗಿಂತ ಹಗುರವೂ ವೇಗಶಾಲಿಯೂ ಆದ ಕ್ರೂಸರ್ ಒಂಟಿಯಾಗಿ ಸಾವಿರಾರು ಮೈಲಿ ತಿರುಗಿ ಸ್ವಂತ ವ್ಯಾಪಾರಿ ಹಡಗುಗಳನ್ನು ಕಾಯಬೇಕಿತ್ತು, ಇಲ್ಲವೇ ಎದುರಾಳಿಯ ವ್ಯಾಪಾರವನ್ನು ಕೆಡಿಸಬೇಕಿತ್ತು. ಎರಡನೆಯ ಕೆಲಸ ಎಷ್ಟು ಪರಿಣಾಮಕಾರಿ ಎಂಬುದನ್ನು 1914ರಲ್ಲಿ 'ಎಮ್ಡನ್' ಎಂಬ ಒಂದೇ ಒಂದು ಜರ್ಮನ್ ಲಘು ಕ್ರೂಸರ್ ತೋರಿಸಿಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂಗಾಳಕೊಲ್ಲಿಯೊಳಗೆ ನುಗ್ಗಿದ ಅದು ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ತೈಲದ ತೊಟ್ಟಿಗಳನ್ನು ಸುಟ್ಟು, ಬಳಿಕ ಸಿಂಹಳವನ್ನು ಸುತ್ತಿ ಮಂಗಳೂರಿನ ದಕ್ಷಿಣಕ್ಕೆ ಕೆಲವು ನೂರು ಕಿಲೋಮೀಟರ್ ದೂರದ ಮಿನಿಕಾಯ್ ದ್ವೀಪದ ಆಸುಪಾಸಿನಲ್ಲಿ ವ್ಯಾಪಾರಿ ಹಡಗುಗಳನ್ನು ಒಂದೊಂದಾಗಿ ಹಿಡಿದು ಮುಳುಗಿಸಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ 'ಸಿಡ್ನಿ' ಎಂಬ ಇನ್ನೊಂದು ಕ್ರೂಸರ್ ಅದನ್ನು ನಾಶಪಡಿಸುವವರೆಗೆ ಹಿಂದೂ ಮಹಾಸಾಗರದ ವ್ಯಾಪಾರವೆಲ್ಲ ಒಂದು ಹಡಗಿನ ಭಯದಲ್ಲಿ ನಡೆಯಿತು.

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಕ್ರೂಸರುಗಳ ಆಕಾರವನ್ನು ನಿರ್ಧರಿಸಿದವರಲ್ಲಿ ಹಡಗಿನ ಶಿಲ್ಪಿಗಳಷ್ಟೇ ಪಾಲು ರಾಜತಂತ್ರಜ್ಞರಿಗೂ ಸಲ್ಲಬೇಕು. 1930ರ ಲಂಡನ್ ಒಪ್ಪಂದವು 155 ಮಿಲಿಮೀಟರಿಗಿಂತ ದೊಡ್ಡ ಬಾಯಿಯ ಫಿರಂಗಿಗಳಿಲ್ಲದ ಕ್ರೂಸರುಗಳನ್ನು ಬೇರೆಯೇ ವರ್ಗವಾಗಿ ಗುರುತಿಸಿತು, ಅವೇ ಲಘು ಕ್ರೂಸರುಗಳು. 1936ರ ಎರಡನೆಯ ಲಂಡನ್ ಒಪ್ಪಂದವು ಹೊಸ ಲಘು ಕ್ರೂಸರಿನ ತೂಕ 8,000 ಟನ್ ಮೀರಬಾರದೆಂದು ವಿಧಿಸಿತು. ಈ ಮಿತಿಯೊಳಗೆ ನಾಲ್ಕು ಗೋಪುರಗಳಲ್ಲಿ ಮೂರು ಮೂರರಂತೆ ಹನ್ನೆರಡು 6 ಇಂಚಿನ ಫಿರಂಗಿಗಳನ್ನು ಅಡಕಿ ಬ್ರಿಟನ್ ರೂಪಿಸಿದ ಹಡಗುಗಳಿಗೆ ತನ್ನ ವಸಾಹತುಗಳ ಹೆಸರನ್ನಿಟ್ಟಿತು: ಫಿಜಿ, ಕೆನ್ಯಾ, ಮಾರಿಷಸ್, ಟ್ರಿನಿಡಾಡ್, ನೈಜೀರಿಯಾ. ನ್ಯೂಕ್ಯಾಸಲ್ ಬಳಿಯ ವಾಕರ್‌ನಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಾರ್ಖಾನೆಯಲ್ಲಿ ನಿರ್ಮಾಣವಾದ ನೈಜೀರಿಯಾ 1939ರ ಜುಲೈ 18ರಂದು ನೀರಿಗಿಳಿದು, 1940ರ ಸೆಪ್ಟೆಂಬರ್ 23ರಂದು ಸೇವೆಗೆ ಸೇರಿತು. ಸುಮಾರು 169 ಮೀಟರ್ ಉದ್ದದ ಆ ಹಡಗಿನ ಒಂದೊಂದು ಗುಂಡಿನ ತೂಕ 51 ಕಿಲೋ, ಅದು ಹೋಗಿ ಬೀಳುವ ದೂರ 23 ಕಿಲೋಮೀಟರ್. ಒಪ್ಪಂದದ ಅಳತೆಗೆ ಕತ್ತರಿಸಿದ ಒಡಲಾದ್ದರಿಂದ ಒಳಗೆ ಇಕ್ಕಟ್ಟು ಬಹಳ. ಯುದ್ಧದ ವರ್ಷಗಳಲ್ಲಿ ವಿಮಾನವಿರೋಧಿ ತೋಪುಗಳೂ ರಾಡಾರ್ ಉಪಕರಣಗಳೂ, ಅವುಗಳನ್ನು ನಡೆಸುವ ಜನರೂ ಸೇರಿಕೊಂಡು ಆ ಇಕ್ಕಟ್ಟು ಇನ್ನೂ ಹೆಚ್ಚಿತು.

ಅದರ ಮೊದಲ ವರ್ಷಗಳು ಕಳೆದದ್ದು ಆರ್ಕ್ಟಿಕ್ ವೃತ್ತದ ಮೇಲಣ ಹಿಮಗಡಲಿನಲ್ಲಿ. 1941ರ ಜೂನ್ 28ರಂದು ಯಾನ್ ಮಾಯೆನ್ ದ್ವೀಪದ ಈಶಾನ್ಯಕ್ಕೆ ನೈಜೀರಿಯಾ ಮತ್ತು ಮೂರು ಡೆಸ್ಟ್ರಾಯರುಗಳು 'ಲಾವೆನ್‌ಬರ್ಗ್' ಎಂಬ ಜರ್ಮನ್ ಹವಾಮಾನ ವೀಕ್ಷಣೆಯ ದೋಣಿಯನ್ನು ಸೆರೆಹಿಡಿದವು. ಮೀನುಗಾರಿಕೆಯ ಟ್ರಾಲರಿಗಿಂತ ಹೆಚ್ಚಿನದಲ್ಲದ ಆ ದೋಣಿಗಾಗಿ ನಾಲ್ಕು ಯುದ್ಧನೌಕೆಗಳು ಹೊರಟದ್ದಕ್ಕೆ ಕಾರಣ ಬ್ಲೆಚ್ಲಿ ಪಾರ್ಕಿನ ಗೂಢಲಿಪಿ ಕೇಂದ್ರದಲ್ಲಿದ್ದ ಹ್ಯಾರಿ ಹಿನ್ಸ್ಲಿ ಎಂಬ ತರುಣನ ಊಹೆ: ತಿಂಗಳುಗಟ್ಟಲೆ ಕಡಲಿನಲ್ಲಿ ನಿಂತು ಹವೆಯ ವರದಿಯನ್ನು ಗೂಢಲಿಪಿಯಲ್ಲಿ ಕಳುಹಿಸುವ ಈ ದೋಣಿಗಳಲ್ಲಿ ಎನಿಗ್ಮಾ ಯಂತ್ರದ ಮುಂದಿನ ತಿಂಗಳ ಕೀಲಿಪಟ್ಟಿಗಳೂ ಇರಲೇಬೇಕು ಎಂಬುದು. ಊಹೆ ಸರಿಯಾಗಿತ್ತು. ಲಾವೆನ್‌ಬರ್ಗಿನಲ್ಲಿ ಸಿಕ್ಕ ಕಾಗದಗಳಿಂದ ಜುಲೈ ತಿಂಗಳ ಜರ್ಮನ್ ನೌಕಾ ಸಂದೇಶಗಳನ್ನು ತಡವಿಲ್ಲದೆ ಓದಲು ಸಾಧ್ಯವಾಯಿತು. ನೈಜೀರಿಯಾದ ಫಿರಂಗಿಗಳು ಇಡೀ ಯುದ್ಧದಲ್ಲಿ ಸಾಧಿಸಿದ್ದಕ್ಕಿಂತ ಆ ಒಂದು ದಿನದ ಕಾಗದದ ಕಟ್ಟು ಹೆಚ್ಚು ಬೆಲೆಯುಳ್ಳದ್ದಾಗಿತ್ತು ಎಂದರೆ ಅತಿಶಯೋಕ್ತಿಯಾಗದು. ಅದೇ ವರ್ಷದ ಬೇಸಿಗೆಯ ಕೊನೆಗೆ ಈ ಹಡಗು 'ಅರೋರಾ' ಕ್ರೂಸರಿನೊಂದಿಗೆ ಸ್ಪಿಟ್ಸ್‌ಬರ್ಗನ್ ದ್ವೀಪದ ಕಲ್ಲಿದ್ದಲ ಗಣಿಗಳನ್ನು ಶತ್ರುವಿಗೆ ದಕ್ಕದಂತೆ ಮಾಡಿ ಅಲ್ಲಿನ ಜನರನ್ನು ತೆರವುಗೊಳಿಸುವ ಕಾರ್ಯಾಚರಣೆಯಲ್ಲಿ ಭಾಗವಹಿಸಿ, ಹಿಂದಿರುಗುವಾಗ ಸೆಪ್ಟೆಂಬರಿನಲ್ಲಿ ನಾರ್ವೆಯ ಉತ್ತರ ತೀರದಲ್ಲಿ 'ಬ್ರೆಮ್ಸೆ' ಎಂಬ ಜರ್ಮನ್ ನೌಕೆಯನ್ನು ಮುಳುಗಿಸಿತು. ಆ ಕಾದಾಟದಲ್ಲಿ ನೈಜೀರಿಯಾದ ಮೂತಿಗೂ ಪೆಟ್ಟಾಯಿತು.

ನಾರ್ವೆಯ ಮೇಲೆ ಜರ್ಮನಿ 1940ರ ಏಪ್ರಿಲ್ 9ರಂದು ದಾಳಿ ಮಾಡಿತ್ತು, ಅದರ ಬೆನ್ನಿಗೇ ಹಾಲೆಂಡ್, ಬೆಲ್ಜಿಯಂ, ಫ್ರಾನ್ಸುಗಳೂ ಬಿದ್ದವು. ಚಿಕ್ಕಮಗಳೂರಿನ ಬೆಳೆಗಾರರಿಗೆ ಇವು ಭೂಪಟದ ಮೇಲಿನ ಬರಿಯ ಹೆಸರುಗಳಾಗಿರದೆ ತಮ್ಮ ಬೀಜದ ಗಿರಾಕಿಗಳಾಗಿದ್ದವು. ಅವು ಕೈಬಿಟ್ಟುಹೋಗಿ, ಉಳಿದ ದಾರಿಗಳಲ್ಲಿಯೂ ಸರಕು ಹಡಗುಗಳು ಸೇನೆಯ ಕೆಲಸಕ್ಕೆ ತಿರುಗಿದಾಗ ಕಾಫಿ ಗೋದಾಮುಗಳಲ್ಲಿಯೇ ಉಳಿಯತೊಡಗಿತು. ಅದಕ್ಕೆ ಪರಿಹಾರವಾಗಿ ಭಾರತ ಸರ್ಕಾರ 1940ರಲ್ಲಿ ಒಂದು ಸುಗ್ರೀವಾಜ್ಞೆಯನ್ನೂ 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆಯನ್ನೂ ತಂದಿತು. ಇವುಗಳಿಂದ ರೂಪುಗೊಂಡ ಕಾಫಿ ಮಂಡಳಿಯ ವ್ಯವಸ್ಥೆಯಲ್ಲಿ ಬೆಳೆಗಾರನು ತನ್ನ ಬೆಳೆಯನ್ನು ಖಾಸಗಿಯಾಗಿ ಮಾರದೆ ಎಲ್ಲರ ಬೀಜವೂ ಸೇರುವ ಒಂದೇ ರಾಶಿಗೆ, ತೋಟದವರ ಮಾತಿನಲ್ಲಿ 'ಪೂಲ್'ಗೆ, ಒಪ್ಪಿಸಬೇಕಿತ್ತು; ಮಂಡಳಿ ಅದನ್ನು ಮಾರಿ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಯುದ್ಧಕಾಲದ ಈ ತುರ್ತು ಏರ್ಪಾಡು ಯುದ್ಧ ಮುಗಿದ ಮೇಲೆಯೂ ಅರ್ಧ ಶತಮಾನ ಬಾಳಿ 1990ರ ದಶಕದ ನಡುಭಾಗದಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಅದೇ ಯುದ್ಧದಲ್ಲಿ ಹುಟ್ಟಿದ ಕ್ರೂಸರಿಗಿಂತ ಒಂದು ದಶಕ ಹೆಚ್ಚೇ ಬದುಕಿತು ಅದು.

ನೈಜೀರಿಯಾ ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಮೆಡಿಟರೇನಿಯನ್ನಿನಲ್ಲಿ. ಇಟಲಿಯ ದಕ್ಷಿಣಕ್ಕಿರುವ ಮಾಲ್ಟಾ ದ್ವೀಪವು ಬ್ರಿಟಿಷರ ಕೈಯಲ್ಲಿದ್ದು, ಉತ್ತರ ಆಫ್ರಿಕಾದ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳಿಗೆ ಹೋಗುವ ಸರಕನ್ನು ಅಲ್ಲಿಂದ ತಡೆಯಲಾಗುತ್ತಿತ್ತು. ಆದರೆ 1942ರ ಬೇಸಿಗೆಯ ಹೊತ್ತಿಗೆ ದ್ವೀಪದಲ್ಲಿ ಆಹಾರವೂ ಇಂಧನವೂ ಮುಗಿಯುತ್ತ ಬಂದು, ಶರಣಾಗತಿಯ ದಿನವನ್ನು ಲೆಕ್ಕ ಹಾಕುವ ಸ್ಥಿತಿ ಬಂದಿತ್ತು. ಆಗಸ್ಟ್‌ನಲ್ಲಿ ಹದಿನಾಲ್ಕು ಸರಕು ಹಡಗುಗಳ ಬೆಂಗಾವಲು ಸಾಲೊಂದು 'ಪೆಡೆಸ್ಟಲ್' ಎಂಬ ಸಂಕೇತನಾಮದಿಂದ ಜಿಬ್ರಾಲ್ಟರ್ ದಾಟಿ ಪೂರ್ವಕ್ಕೆ ಹೊರಟಿತು. ಎರಡು ಬ್ಯಾಟಲ್‌ಶಿಪ್ಪುಗಳೂ ವಿಮಾನವಾಹಕ ನೌಕೆಗಳೂ ಅರ್ಧ ದಾರಿಯವರೆಗೆ ಜೊತೆಗಿದ್ದು, ಸಿಸಿಲಿ ಮತ್ತು ಟ್ಯುನೀಶಿಯಾಗಳ ನಡುವಿನ ಕಿರಿದಾದ ಕಡಲಿಗೆ ಮುಂಚೆ ಹಿಂದಿರುಗಬೇಕು, ಅಲ್ಲಿಂದ ಮುಂದೆ ನಾಲ್ಕು ಕ್ರೂಸರುಗಳೂ ಹನ್ನೆರಡು ಡೆಸ್ಟ್ರಾಯರುಗಳೂ ಸಾಲನ್ನು ಕಾಯಬೇಕು ಎಂಬುದು ಯೋಜನೆ. ಆ ಕ್ರೂಸರ್ ಪಡೆಯ ನಾಯಕ ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಅವರ ಧ್ವಜನೌಕೆ, ಎಂದರೆ ಪಡೆಯ ಮುಖ್ಯಸ್ಥನೇ ಇದ್ದು ಆಜ್ಞೆ ನೀಡುವ ಹಡಗು, ನೈಜೀರಿಯಾ.

ಆಗಸ್ಟ್ 11ರಂದು 'ಈಗಲ್' ಎಂಬ ವಿಮಾನವಾಹಕ ನೌಕೆಯನ್ನು ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿತು. ಮರುದಿನ ಸಂಜೆ ದೊಡ್ಡ ಹಡಗುಗಳು ಹಿಂದಕ್ಕೆ ತಿರುಗಿದ್ದವು, ಕಿರಿದಾದ ಕಾಲುವೆಯೊಳಗೆ ಹೋಗಲು ಸರಕು ಹಡಗುಗಳು ನಾಲ್ಕು ಸಾಲುಗಳಿಂದ ಎರಡು ಸಾಲುಗಳಿಗೆ ಬದಲಾಗುತ್ತಿದ್ದವು. ಸರಿಯಾಗಿ ಆ ಗಳಿಗೆಯಲ್ಲಿ 'ಆಕ್ಸುಮ್' ಎಂಬ ಇಟಾಲಿಯನ್ ಜಲಾಂತರ್ಗಾಮಿಯ ಕಪ್ತಾನ ರೆನಾಟೊ ಫೆರ್ರೀನಿ ನಾಲ್ಕು ಟಾರ್ಪೆಡೊಗಳನ್ನು ಒಮ್ಮೆಗೇ ಬಿಟ್ಟ. ನೀರಿನೊಳಗೆ ತನ್ನದೇ ಯಂತ್ರದಿಂದ ಓಡಿ ಹಡಗಿನ ಒಡಲಿಗೆ ಬಡಿದು ಸಿಡಿಯುವ ಟಾರ್ಪೆಡೊಗಳಲ್ಲಿ ಬಹುಪಾಲು ಗುರಿ ತಪ್ಪುವುದೇ ವಾಡಿಕೆ. ಆದರೆ ಅಂದು ಅವು ಮೂರು ಹಡಗುಗಳಿಗೆ ತಗುಲಿದವು. 'ಕೈರೊ' ಕ್ರೂಸರಿನ ಹಿಂಭಾಗ ಕಿತ್ತುಹೋಗಿ ಅದನ್ನು ಬ್ರಿಟಿಷರೇ ಮುಳುಗಿಸಬೇಕಾಯಿತು, ಮಾಲ್ಟಾದ ಇಂಧನವನ್ನೆಲ್ಲ ಹೊತ್ತಿದ್ದ 'ಒಹಾಯೊ' ಟ್ಯಾಂಕರಿಗೆ ಬೆಂಕಿ ಹತ್ತಿತು, ನೈಜೀರಿಯಾ ಒಂದು ಕಡೆಗೆ ವಾಲಿ ನಿಂತಿತು. ಅದರ ನಾವಿಕರಲ್ಲಿ 52 ಮಂದಿ ಸತ್ತರು.

ಈ ಪೆಟ್ಟಿನ ಅಳತೆ ಸತ್ತವರ ಸಂಖ್ಯೆಯಿಂದಲೂ ಮುಳುಗಿದ ಟನ್ನುಗಳಿಂದಲೂ ತಿಳಿಯುವುದಿಲ್ಲ. ಮಾಲ್ಟಾದಿಂದ ಬರುವ ಕಾದಾಟದ ವಿಮಾನಗಳಿಗೆ ರೇಡಿಯೊ ಮೂಲಕ ದಿಕ್ಕು ತೋರಿಸಬಲ್ಲ ಉಪಕರಣಗಳಿದ್ದ ಹಡಗುಗಳು ಆ ಪಡೆಯಲ್ಲಿ ನೈಜೀರಿಯಾ ಮತ್ತು ಕೈರೊ ಎರಡೇ. ಅವೆರಡೂ ಒಟ್ಟಿಗೆ ಇಲ್ಲವಾದಾಗ ತಲೆಯ ಮೇಲೆ ಬಂದ ಸ್ವಂತ ವಿಮಾನಗಳೊಡನೆ ಮಾತಾಡುವ ದಾರಿಯೇ ಉಳಿಯಲಿಲ್ಲ. ಬರೋ 'ಅಶಾಂತಿ' ಎಂಬ ಡೆಸ್ಟ್ರಾಯರಿಗೆ ದಾಟಿಕೊಂಡು ಮುನ್ನಡೆಯುವಷ್ಟರಲ್ಲಿ ಸಾಲು ಚದುರಿ, ಮುಸ್ಸಂಜೆಯ ವಿಮಾನದಾಳಿಗೂ ಆ ರಾತ್ರಿಯ ಟಾರ್ಪೆಡೊ ದೋಣಿಗಳಿಗೂ ಹಡಗುಗಳು ಬಲಿಯಾಗುತ್ತ ಹೋದವು. 'ಮ್ಯಾಂಚೆಸ್ಟರ್' ಕ್ರೂಸರೂ ಹೋಯಿತು. ಹದಿನಾಲ್ಕರಲ್ಲಿ ಮಾಲ್ಟಾ ಮುಟ್ಟಿದ್ದು ಐದು. ಕೊನೆಯದಾಗಿ ಆಗಸ್ಟ್ 15ರಂದು, ಮುರಿದ ಒಡಲನ್ನು ಎರಡು ಬದಿಯಿಂದ ಡೆಸ್ಟ್ರಾಯರುಗಳು ಎತ್ತಿಹಿಡಿದಂತೆ ಒತ್ತಿಕೊಂಡು ತಂದ ಒಹಾಯೊ. ಅದರ ಎಣ್ಣೆಯಿಂದ ದ್ವೀಪ ಉಳಿಯಿತು. ನೈಜೀರಿಯಾ ತನ್ನ ಯಂತ್ರಗಳ ಬಲದಿಂದಲೇ ಜಿಬ್ರಾಲ್ಟರಿಗೆ ಮರಳಿ, ಅಲ್ಲಿಂದ ಅಮೆರಿಕಕ್ಕೆ ಹೋಗಿ ಸುಮಾರು ಒಂಬತ್ತು ತಿಂಗಳ ದುರಸ್ತಿಗೆ ಒಳಗಾಯಿತು. ಅದರ ವರ್ಗದ 'ಫಿಜಿ' 1941ರ ಮೇ ತಿಂಗಳಲ್ಲಿ ಕ್ರೀಟ್ ಬಳಿ, 'ಟ್ರಿನಿಡಾಡ್' 1942ರ ಮೇ ತಿಂಗಳಲ್ಲಿ ಆರ್ಕ್ಟಿಕ್‌ನಲ್ಲಿ ಮುಳುಗಿದ್ದವು. ಆ ಪಟ್ಟಿಗೆ ಮೂರನೆಯ ಹೆಸರು ಸೇರದೆ ಹೋದದ್ದು ಟಾರ್ಪೆಡೊ ಬಡಿದ ಜಾಗದ ಅದೃಷ್ಟದಿಂದ ಎಷ್ಟೋ, ನೀರು ನುಗ್ಗಿದ ಕೋಣೆಗಳ ಬಾಗಿಲುಗಳನ್ನು ಬಿಗಿದು ಹಡಗನ್ನು ತೇಲಿಸಿ ಇಟ್ಟವರ ಕೆಲಸದಿಂದಲೂ ಅಷ್ಟೇ.

ದುರಸ್ತಿಯಾಗಿ 1944ರ ಆರಂಭದಲ್ಲಿ ಅದು ಬಂದದ್ದು ಸಿಂಹಳದ ಟ್ರಿಂಕಾಮಲಿಗೆ. ಎರಡು ವರ್ಷಗಳ ಹಿಂದೆ ಇದೇ ಕಡಲಿನಲ್ಲಿ ಬ್ರಿಟಿಷರಿಗೆ ದೊಡ್ಡ ಅವಮಾನವಾಗಿತ್ತು. 1942ರ ಏಪ್ರಿಲ್ 5ರಂದು ಜಪಾನಿನ ವಿಮಾನವಾಹಕ ನೌಕೆಗಳಿಂದ ಬಂದ ಬಾಂಬರುಗಳು 'ಕಾರ್ನ್‌ವಾಲ್' ಮತ್ತು 'ಡಾರ್ಸೆಟ್‌ಶೈರ್' ಎಂಬ ಎರಡು ಕ್ರೂಸರುಗಳನ್ನು ಸಿಂಹಳದ ದಕ್ಷಿಣಕ್ಕೆ ಕೆಲವೇ ನಿಮಿಷಗಳಲ್ಲಿ ಮುಳುಗಿಸಿದವು, 424 ಮಂದಿ ಸತ್ತರು. ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿತ್ತು. ಬ್ರಿಟಿಷ್ ನೌಕಾಬಲವು ಆಫ್ರಿಕಾದ ಮೊಂಬಾಸಾವರೆಗೆ ಹಿಂದೆ ಸರಿಯಿತು. 1944ರಲ್ಲಿ ಮರಳಿ ಬಂದ ಪೂರ್ವ ನೌಕಾಬಲದಲ್ಲಿ ಒಂದಾಗಿ ನೈಜೀರಿಯಾ ಏಪ್ರಿಲ್ ಮತ್ತು ಜುಲೈಗಳಲ್ಲಿ ಸುಮಾತ್ರಾದ ತುದಿಯ ಸಬಾಂಗ್ ಬಂದರಿನ ಮೇಲಿನ ದಾಳಿಗಳಲ್ಲಿ ಭಾಗವಹಿಸಿತು. ಯುದ್ಧಾನಂತರ ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಕೆಲವು ವರ್ಷ ಕಳೆದು ಮೀಸಲು ಸಾಲಿನಲ್ಲಿ ನಿಂತಿತು.

ಸ್ವತಂತ್ರ ಭಾರತದ ಬಳಿ ಆಗ ಇದ್ದ ಏಕೈಕ ಕ್ರೂಸರ್ 'ಡೆಲ್ಲಿ'. 1939ರಲ್ಲಿ ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದಲ್ಲಿ ಜರ್ಮನಿಯ 'ಗ್ರಾಫ್ ಸ್ಪೀ'ಯನ್ನು ಅಟ್ಟಿದ 'ಅಕಿಲೀಸ್' ಎಂಬ ಹಡಗೇ 1948ರಲ್ಲಿ ಆ ಹೆಸರಿನಿಂದ ಭಾರತಕ್ಕೆ ಬಂದಿತ್ತು. ಅದಕ್ಕೆ ಜೊತೆಯಾಗಿ 1954ರ ಏಪ್ರಿಲ್ 8ರಂದು ನೈಜೀರಿಯಾವನ್ನು ಕೊಂಡು, ಬರ್ಕನ್‌ಹೆಡ್‌ನ ಕ್ಯಾಮಲ್ ಲೇರ್ಡ್ ಕಾರ್ಖಾನೆಯಲ್ಲಿ ಮೂರು ವರ್ಷಗಳಷ್ಟು ಕಾಲ ನವೀಕರಿಸಲಾಯಿತು. ಹೊಸ ರೂಪದಲ್ಲಿ ಒಂದು ಗೋಪುರ ಕಡಿಮೆಯಾಗಿ ಫಿರಂಗಿಗಳ ಸಂಖ್ಯೆ ಒಂಬತ್ತಕ್ಕೆ ಇಳಿಯಿತು, ರಾಡಾರ್‌ ಮತ್ತು ವಿಮಾನವಿರೋಧಿ ಸಾಧನಗಳು ಸುಧಾರಿಸಿದವು. 1957ರ ಆಗಸ್ಟ್ 29ರಂದು ಕ್ಯಾಪ್ಟನ್ ಎಸ್.ಎಂ. ನಂದಾ ಅವರ ನೇತೃತ್ವದಲ್ಲಿ ಅದು 'ಐಎನ್ಎಸ್ ಮೈಸೂರು' ಆಯಿತು. ಲಾಂಛನವಾಗಿ ಒಡೆಯರ ರಾಜಮುದ್ರೆಯ ಗಂಡಭೇರುಂಡವನ್ನೂ, ಎಂದಿಗೂ ಹೆದರದವನು ಎಂಬರ್ಥದ ತೈತ್ತಿರೀಯ ಉಪನಿಷತ್ತಿನ ಮಾತನ್ನು ಧ್ಯೇಯವಾಕ್ಯವಾಗಿಯೂ ಪಡೆಯಿತು. ವಸಾಹತೊಂದರ ಹೆಸರನ್ನು ಕಳಚಿ ರಾಜ್ಯವೊಂದರ ಹೆಸರನ್ನು ತೊಟ್ಟ ಆ ಹೊತ್ತಿನಲ್ಲಿ ರಾಜ್ಯವೂ ಹೊಸದೇ. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಕಾರವಾರದ ಕರಾವಳಿಯೂ ಮದರಾಸಿನಿಂದ ಮಂಗಳೂರು, ಉಡುಪಿಗಳ ಕರಾವಳಿಯೂ ಮೈಸೂರಿಗೆ ಸೇರಿ 157 ವರ್ಷಗಳ ಬಳಿಕ ಆ ಹೆಸರಿಗೆ ಕಡಲು ಸಿಕ್ಕಿತ್ತು, ಹಳೆಯ ಮಹಾರಾಜರಾದ ಜಯಚಾಮರಾಜ ಒಡೆಯರೇ ಅದರ ರಾಜ್ಯಪಾಲರಾಗಿದ್ದರು. ಚಾರ್ಮಾಡಿ ಇಳಿದ ಕಾಫಿ ಗಾಡಿ ಈಗ ಬೇರೆ ರಾಜ್ಯಕ್ಕೆ ಹೋಗುತ್ತಿರಲಿಲ್ಲ.

ಹೊಸ ಹೆಸರಿನ ಮೊದಲ ಸುದ್ದಿ ಅಷ್ಟು ಶುಭವಾದುದಾಗಿರಲಿಲ್ಲ. 1959ರಲ್ಲಿ ಸಿಂಹಳದ ಬಳಿ ಕಾಮನ್‌ವೆಲ್ತ್ ಜಂಟಿ ಅಭ್ಯಾಸದ ವೇಳೆ ಮೈಸೂರು ಬ್ರಿಟಿಷರ 'ಹೋಗ್' ಎಂಬ ಡೆಸ್ಟ್ರಾಯರಿಗೆ ಡಿಕ್ಕಿಯಾಗಿ ಅದರ ಮೂತಿಯನ್ನು ನುಜ್ಜುಗುಜ್ಜು ಮಾಡಿತು. ಹೋಗ್ ಕೆಲವೇ ವರ್ಷಗಳಲ್ಲಿ ಗುಜರಿಗೆ ಹೋಯಿತು.

ಹೆಸರಿಗೂ ಹಡಗಿಗೂ ನಿಜವಾದ ನಂಟು ಕೂಡಿದ್ದು 1961ರ ಡಿಸೆಂಬರಿನಲ್ಲಿ, ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. 1498ರಲ್ಲಿ ವಾಸ್ಕೊ ಡ ಗಾಮಾ ಇಳಿದು ನೀರು ತುಂಬಿಸಿಕೊಂಡ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಈ ಪುಟ್ಟ ದ್ವೀಪವು ಬಿಣಗಾದ ದಂಡೆಯಿಂದ ಬರಿಗಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಆಡಳಿತದಲ್ಲಿ ಗೋವಾದ ಭಾಗ. 1961ರ ನವೆಂಬರಿನಲ್ಲಿ ಅಲ್ಲಿನ ಪೋರ್ಚುಗೀಸ್ ಕಾವಲುಪಡೆ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿತು, ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೆ ಹಾರಿಸಿದ ಗುಂಡಿಗೆ ಒಬ್ಬ ಮೀನುಗಾರ ಬಲಿಯಾದ. ಗೋವಾ ವಿಮೋಚನೆಯ ಕಾರ್ಯಾಚರಣೆ ಡಿಸೆಂಬರ್ 18ರಂದು ಆರಂಭವಾದಾಗ ಅಂಜದೀವನ್ನು ವಶಪಡಿಸಿಕೊಳ್ಳುವ ಹೊಣೆ ನೌಕಾಪಡೆಗೆ ಬಂತು, ಅದಕ್ಕೆ ಗೊತ್ತಾದ ಹಡಗುಗಳು ಫ್ರಿಗೇಟ್ 'ತ್ರಿಶೂಲ್' ಮತ್ತು ಕ್ರೂಸರ್ ಮೈಸೂರು. ಭೂಸೇನೆಯ ತರಬೇತಿಯಿಲ್ಲದ ನಾವಿಕರದೇ ತುಕಡಿಗಳು ದೋಣಿಗಳಲ್ಲಿ ದ್ವೀಪಕ್ಕೆ ಇಳಿದವು. ಮೊದಲ ದೋಣಿಯವರು ದಂಡೆ ಹತ್ತಿದರು. ಅವರ ಹಿಂದಿನವರು ತೆರೆದ ನೀರಿನ ಮೇಲೆ ಯಂತ್ರಕೋವಿಗಳ ಗುಂಡಿಗೆ ಸಿಕ್ಕಿದರು. ಏಳು ನಾವಿಕರು ಸತ್ತು ಅನೇಕರು ಗಾಯಗೊಂಡರು, ಹಡಗುಗಳ ಫಿರಂಗಿಗಳು ದ್ವೀಪದ ನೆಲೆಗಳ ಮೇಲೆ ಗುಂಡಿನ ಮಳೆಗರೆದವು, ಡಿಸೆಂಬರ್ 19ರ ಮಧ್ಯಾಹ್ನದ ಹೊತ್ತಿಗೆ ಕೊನೆಯ ಪ್ರತಿರೋಧ ಮುಗಿಯಿತು. ಇಡೀ ದ್ವೀಪದಲ್ಲಿದ್ದ ಕಾವಲುಪಡೆ ಚಿಕ್ಕದು. ಮುಂಚಿತವಾಗಿಯೇ ಕ್ರೂಸರಿನ ಬಲವನ್ನು ಪೂರ್ಣವಾಗಿ ಬಳಸಿದ್ದರೆ ಆ ಏಳು ಜೀವ ಉಳಿಯುತ್ತಿದ್ದವೇ ಎಂಬ ಪ್ರಶ್ನೆ ಈ ಕಾರ್ಯಾಚರಣೆಯನ್ನು ಓದುವ ಯಾರಿಗೂ ಏಳದಿರದು. ಆರ್ಕ್ಟಿಕ್‌ನಿಂದ ಸುಮಾತ್ರಾವರೆಗೆ ಗುಂಡು ಹಾರಿಸಿದ ಫಿರಂಗಿಗಳು ತಾವು ಹೆಸರು ಹೊತ್ತ ರಾಜ್ಯದ ದಂಡೆಯ ಕಣ್ಣೆದುರಿಗೆ ಗರ್ಜಿಸಿದ್ದು ಅಂದು.

ಹತ್ತು ವರ್ಷಗಳ ಬಳಿಕ, 1971ರ ಯುದ್ಧದಲ್ಲಿ, ಮೈಸೂರಿನ ಮೊದಲ ಕಪ್ತಾನ ನಂದಾ ಅವರೇ ಅಡ್ಮಿರಲ್ ಆಗಿ ನೌಕಾಪಡೆಯ ಮುಖ್ಯಸ್ಥರಾಗಿದ್ದರು, ಮೈಸೂರು ರಿಯರ್ ಅಡ್ಮಿರಲ್ ಇ.ಸಿ. ಕುರುವಿಲ್ಲಾ ಅವರ ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿತ್ತು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಮುಂದೆ ಪಾಕಿಸ್ತಾನದ ಹಡಗುಗಳನ್ನು ಮುಳುಗಿಸಿದ್ದು ಸೋವಿಯತ್ ಒಕ್ಕೂಟದಿಂದ ತಂದ ಎಂಟರಲ್ಲಿ ಮೂರು ಕ್ಷಿಪಣಿ ದೋಣಿಗಳು: ನಿಪಾತ್, ನಿರ್ಘಾತ್, ವೀರ್. ಮೈಸೂರಿನ ನಲವತ್ತನೆಯ ಒಂದು ಪಾಲಿನಷ್ಟೂ ತೂಗದ ಈ ದೋಣಿಗಳು ತಲಾ ನಾಲ್ಕು ಕ್ಷಿಪಣಿಗಳನ್ನು ಸುಮಾರು 40 ಕಿಲೋಮೀಟರ್ ದೂರಕ್ಕೆ ಎಸೆಯಬಲ್ಲವು. ಕ್ರೂಸರಿನ ಗುಂಡು ಅದರ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗುತ್ತಿತ್ತು, ಅಷ್ಟೇ. ಅದೇ ವಾರ, ಡಿಸೆಂಬರ್ 9ರಂದು, ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ಭಾರತದ ಫ್ರಿಗೇಟ್ 'ಖುಕ್ರಿ'ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳೂ 176 ನಾವಿಕರೂ ಹಡಗಿನೊಂದಿಗೆ ಹೋದರು. 1942ರಲ್ಲಿ ನೈಜೀರಿಯಾ ತಪ್ಪಿಸಿಕೊಂಡ ಸಾವೇ ಖುಕ್ರಿಗೆ ಬಂದದ್ದು. ಕ್ಷಿಪಣಿ ಮತ್ತು ಜಲಾಂತರ್ಗಾಮಿಗಳ ನಡುವೆ ಫಿರಂಗಿಯ ಕ್ರೂಸರಿಗೆ ಉಳಿದ ಜಾಗ ಧ್ವಜ ಹಾರಿಸುವುದಷ್ಟೇ ಎಂಬುದು ಆ ಎರಡು ವಾರಗಳಲ್ಲಿ ಎಲ್ಲರಿಗೂ ತಿಳಿಯಿತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹಡಗಿನ ಹೆಸರು ಬದಲಾಗಲಿಲ್ಲ. 1975ರಿಂದ ಅದು ಕೆಡೆಟ್‌ಗಳಿಗೆ, ಎಂದರೆ ಅಧಿಕಾರಿಗಳಾಗಲಿರುವ ತರುಣರಿಗೆ, ಕಡಲಿನ ಮೊದಲ ಪಾಠ ಕಲಿಸುವ ತರಬೇತಿ ಹಡಗಾಗಿ, ಒಡಲಿನ ಹಳೆಯ ಬಾಯ್ಲರುಗಳನ್ನು ಉರಿಸುತ್ತ ಇನ್ನೊಂದು ದಶಕ ಓಡಾಡಿತು. ಅದೇ ವರ್ಷ ಪಣಂಬೂರಿನಲ್ಲಿ ಮಳೆಗಾಲದಲ್ಲಿಯೂ ಮುಚ್ಚದ ನವಮಂಗಳೂರು ಬಂದರು ಉದ್ಘಾಟನೆಯಾಯಿತು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಅದಿರು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಆ ಬಂದರಿಗೇ ಹರಿಯಿತು, ನಾವಿಕರಿಗೆ ಗುರುತಾಗಿದ್ದ ಬೆಟ್ಟದ ಸೀಮೆಯೇ ಹಡಗುಗಳಲ್ಲಿ ತುಂಬಿ ಪರದೇಶಕ್ಕೆ ಹೊರಟಿತು. ಐಎನ್ಎಸ್ ಡೆಲ್ಲಿ 1978ರಲ್ಲಿ ಗುಜರಿಗೆ ಹೋದಾಗ ಅದರ ಒಂದು ಫಿರಂಗಿ ಗೋಪುರವನ್ನು, ಅಕಿಲೀಸ್ ಆಗಿದ್ದ ಕಾಲದ ನಂಟಿಗಾಗಿ, ಭಾರತ ಸರ್ಕಾರ ನ್ಯೂಜಿಲೆಂಡಿಗೆ ಕಾಣಿಕೆ ಕೊಟ್ಟಿತು. ತನ್ನ ವರ್ಗದ ಉಳಿದ ಹಡಗುಗಳೆಲ್ಲ ಒಂದೊಂದಾಗಿ ಮರೆಯಾದ ಮೇಲೆಯೂ ಸೇವೆಯಲ್ಲಿದ್ದ ಮೈಸೂರನ್ನು 1985ರ ಆಗಸ್ಟ್ 20ರಂದು ನೌಕಾಪಡೆ ಬೀಳ್ಕೊಟ್ಟು, ಬಳಿಕ ಒಡೆಯಲು ಮಾರಿತು. ಹೆಸರು ಮತ್ತು ಗಂಡಭೇರುಂಡದ ಲಾಂಛನ 1999ರ ಜೂನ್ 2ರಂದು ಮುಂಬಯಿಯ ಮಝಗಾಂವ್ ಕಾರ್ಖಾನೆಯಲ್ಲಿ ನಿರ್ಮಾಣವಾದ ಡೆಸ್ಟ್ರಾಯರಿಗೆ ಸಂದವು. ಕ್ಷಿಪಣಿಗಳನ್ನೇ ಮುಖ್ಯ ಆಯುಧವಾಗಿ ಹೊತ್ತ ಆ ಹಡಗಿನಲ್ಲಿ 6 ಇಂಚಿನ ಫಿರಂಗಿ ಒಂದೂ ಇಲ್ಲ.

ಅಂಜದೀವ್ ಈಗ 2005ರಲ್ಲಿ ಸೇವೆಗೆ ಸೇರಿದ ಐಎನ್ಎಸ್ ಕದಂಬ ನೌಕಾನೆಲೆಯ ಭಾಗ, ಅಲೆತಡೆ ಗೋಡೆಯೊಂದು ಅದನ್ನು ಕಾರವಾರದ ದಂಡೆಗೆ ಜೋಡಿಸಿದೆ. ಅಲ್ಲಿಂದ ಅನತಿ ದೂರದಲ್ಲಿ, ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದ ಮರಳಿನ ಮೇಲೆ 2006ರಿಂದ ಒಂದು ಯುದ್ಧನೌಕೆಯನ್ನು ಜನರು ಟಿಕೆಟು ಕೊಂಡು ಹತ್ತಿ ನೋಡುವಂತೆ ನಿಲ್ಲಿಸಲಾಗಿದೆ. ಅದರ ಹೆಸರು 'ಚಪಲ್'; 1971ರ ಆ ಎಂಟು ದೋಣಿಗಳ ಬಳಿಕ ಸೋವಿಯತ್ ಒಕ್ಕೂಟದಿಂದಲೇ ಬಂದ ಕ್ಷಿಪಣಿ ದೋಣಿಗಳಲ್ಲಿ ಒಂದು.